ಮದುವೆಯ ಗಣಪತಿ, ಮದುವೆಯ ಸಾಲ

ಮುಂಬಯಿ ಕನ್ನಡಿಗರಿಗೆ ಟಿಟ್ವಾಳಾ ಎಂದೊಡನೆ ನೆನಪಾಗುವುದು ಗಣಪತಿ. ಕಸಾರಾ ಕಡೆಗೆ ಹೋಗುವ ಲೋಕಲು ಕಲ್ಯಾಣವನ್ನು ದಾಟಿದ ಮೇಲೆ ಶಹಾಡ್, ಆಂಬಿವಲಿ, ಅನಂತರ ಟಿಟ್ವಾಳಾ. ಸಾಮಾನ್ಯ ದಿನಗಳಲ್ಲಿ ಇದು ದುಡಿಯುವವರ ಊರು. ಬೆಳಗ್ಗೆ ಡಬ್ಬಾ ಹಿಡಿದು ಹೊರಟವರು ದೀಪ ಹಚ್ಚಿದ ಮೇಲೆ ಹಿಂದಿರುಗುತ್ತಾರೆ. ಆದರೆ ಸಂಕಷ್ಟಿಯ ದಿನ, ಅದರಲ್ಲೂ ಮಂಗಳವಾರ ಬೀಳುವ ಅಂಗಾರಕ ಸಂಕಷ್ಟಿಯ ದಿನ, ಗಾಡಿಗಳು ಇಲ್ಲಿಯೇ ಬರಿದಾಗುತ್ತವೆ. ಗರಿಕೆ, ಕೆಂಪು ದಾಸವಾಳ, ತೆಂಗಿನಕಾಯಿ ಹಿಡಿದು ಬಂದವರಲ್ಲಿ ಬಹಳ ಮಂದಿಯ ಬೇಡಿಕೆ ಒಂದೇ: ಮಗಳಿಗೆ ವರ ಸಿಗಲಿ, ಮಗನಿಗೆ ಹೆಣ್ಣು ಸಿಗಲಿ, ಮುರಿದ ಸಂಸಾರ ಮತ್ತೆ ಕೂಡಲಿ. ಮದುವೆ ಮಾಡಿಸುವ ಗಣಪತಿ ಎಂದೇ ಈ ದೇವರು ಪ್ರಸಿದ್ಧ.

ಅದಕ್ಕೆ ಆಧಾರವಾಗಿರುವುದು ಒಂದು ಐತಿಹ್ಯ. ಕಾಳು ನದಿಯ ಈ ತೀರದಲ್ಲಿ ಕಣ್ವ ಮಹರ್ಷಿಗಳ ಆಶ್ರಮವಿತ್ತಂತೆ. ಗಂಡನಿಂದ ದೂರವಾದ ಶಕುಂತಲೆ ಇಲ್ಲಿ ಗಣಪತಿಯನ್ನು ಪೂಜಿಸಿ ದುಷ್ಯಂತನನ್ನು ಮರಳಿ ಪಡೆದಳಂತೆ. ಕಾಲಾಂತರದಲ್ಲಿ ಗುಡಿ ಹೂಳಿನಲ್ಲಿ ಮುಚ್ಚಿಹೋಗಿ, ಪೇಶ್ವೆ ಮಾಧವರಾಯರ ಕಾಲದಲ್ಲಿ ಕೆರೆಯ ಹೂಳು ತೆಗೆಯುವಾಗ ವಿಗ್ರಹ ದೊರೆತು, ಮತ್ತೆ ಗುಡಿ ಕಟ್ಟಿಸಿದರೆಂದು ಹೇಳುತ್ತಾರೆ. ಭಾರತದಲ್ಲಿ ಕಣ್ವಾಶ್ರಮವೆನ್ನುವ ಊರುಗಳು ಇನ್ನೂ ಇವೆ. ಆ ಚರ್ಚೆ ನಮಗೆ ಬೇಡ. ಶಕುಂತಲೆ ಇಲ್ಲಿದ್ದಳು ಎಂದು ನಂಬುವ ಊರಿನಲ್ಲಿ ನಾವು ಬಾಳುತ್ತಿದ್ದೇವೆ ಎಂಬುದಷ್ಟೇ ಇಲ್ಲಿಗೆ ಮುಖ್ಯ.

ನಾವು ಎಂದರೆ ಇಲ್ಲಿನ ಹತ್ತು ಹನ್ನೆರಡು ಕನ್ನಡ ಮನೆಗಳವರು. ದಕ್ಷಿಣ ಕನ್ನಡದವರು ಹೆಚ್ಚು, ಧಾರವಾಡ, ವಿಜಾಪುರಗಳ ಕಡೆಯವರೂ ಇದ್ದಾರೆ. ಮುಂಬಯಿಯಲ್ಲಿ ಜಾಗ ಕೊಳ್ಳಲಾಗದೆ ಡೊಂಬಿವಲಿಗೆ ಬಂದು, ಅಲ್ಲಿಯೂ ಬೆಲೆ ಏರಿದಾಗ ಇನ್ನೂ ಮುಂದಕ್ಕೆ ಸರಿದವರು. ತಿಂಗಳಿಗೊಮ್ಮೆ ಸಂಕಷ್ಟಿಯ ಸಂಜೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ದಾಸರ ಪದ, ಶರಣರ ವಚನ, ಕೊನೆಗೆ ಒಂದು ಮರಾಠಿ ಆರತಿ. ಚಂದ್ರೋದಯವಾದ ಮೇಲೆ ಊಟ. ಇಂತಹ ಕೂಟಗಳಲ್ಲಿ ಭಜನೆಗಿಂತ ಊಟದ ನಂತರದ ಮಾತೇ ಹೆಚ್ಚೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಅಂತಹ ಮಾತಿನಲ್ಲಿಯೇ ಒಂದು ಪ್ರಶ್ನೆ ಎದ್ದಿತು. ಅದು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಪ್ರಶ್ನೆ ಇದು. ಜಗತ್ತಿನ ಒಡೆತನವೆಲ್ಲ ದೇವರದು, ಆತನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎಂದು ನಂಬಿದವರು ಅನ್ಯಾಯವನ್ನು ಕಂಡಾಗ ಏನು ಮಾಡಬೇಕು? ಆತನೇ ನೋಡಿಕೊಳ್ಳುತ್ತಾನೆಂದು ಸುಮ್ಮನಿರಬೇಕೇ? ಸುಮ್ಮನಿರದೆ ಎದ್ದು ನಿಂತರೆ ಆತನಲ್ಲಿ ನಂಬಿಕೆ ಸಾಲದೆಂದು ಅರ್ಥವೇ?

ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ, ಇಟ್ಟಿಗೆ ಭಟ್ಟಿಯಿಂದ ಬಂದುದು. ಕಲ್ಯಾಣದಿಂದಾಚೆಗೆ ನದಿಯ ದಂಡೆಗಳಲ್ಲಿ ಭಟ್ಟಿಗಳಿರುವುದನ್ನು ರೈಲಿನಲ್ಲಿ ಹೋಗುವವರು ನೋಡಿರಬಹುದು. ದೀಪಾವಳಿ ಕಳೆದ ಮೇಲೆ ಕೆಲಸ ಪ್ರಾರಂಭ, ಮಳೆ ಹಿಡಿಯುವವರೆಗೆ ನಡೆಯುತ್ತದೆ. ದುಡಿಯುವವರಲ್ಲಿ ಕಾತಕರಿಗಳು ಬಹಳ. ಹಿಂದೆ ಕಾಡಿನಲ್ಲಿ ಖೈರದ ಮರದಿಂದ ಕಾಚು ತೆಗೆಯುತ್ತಿದ್ದ ಆದಿವಾಸಿಗಳು ಇವರು. ಆ ಕಸುಬಿನಿಂದಲೇ ಅವರಿಗೆ ಆ ಹೆಸರು. ಕಾಡು ಕೈತಪ್ಪಿದ ಮೇಲೆ ಇವರಲ್ಲಿ ಅನೇಕರಿಗೆ ಭಟ್ಟಿಯೇ ಗತಿಯಾಯಿತು. ಗಂಡ ಮಣ್ಣು ಕಲಸಿದರೆ ಹೆಂಡತಿ ಅಚ್ಚಿಗೆ ತುಂಬುತ್ತಾಳೆ, ಮಕ್ಕಳು ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ಮಗುಚಿ ಹಾಕುತ್ತವೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ಲೆಕ್ಕ. ಆದರೆ ಲೆಕ್ಕ ತೀರುವುದು ಹಂಗಾಮಿನ ಕೊನೆಗೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅಕ್ಕಿ ಉಪ್ಪಿಗೆ ಮಾತ್ರ ಸ್ವಲ್ಪ ಹಣ ಕೊಡುತ್ತಾರೆ, ಅದಕ್ಕೆ ಖರ್ಚಿ ಎನ್ನುತ್ತಾರೆ. ಮಳೆಗಾಲದಲ್ಲಿ ಕೈ ಬರಿದಾದಾಗ ಪಡೆದ ಮುಂಗಡವನ್ನು ಈ ಲೆಕ್ಕದಲ್ಲಿ ಕಳೆಯಬೇಕು. ಕಳೆದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಧಣಿಯ ವಹಿಗೆ ಮಾತ್ರ ಗೊತ್ತು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಒಬ್ಬ ತಾಯಿ ಜ್ವರ ಬಂದ ಮಗುವನ್ನು ಎತ್ತಿಕೊಂಡು ನಮ್ಮ ಟೀಚರಕ್ಕನ ಬಾಗಿಲಿಗೆ ಬಂದಳು. ಟೀಚರಕ್ಕ ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ನಾಲ್ಕು ಮಾತ್ರೆ ಇಟ್ಟುಕೊಂಡಿರುವವರು. ಮಗುವಿಗೆ ಔಷಧ ಕೊಡಿಸಿ ಮಾತನಾಡಿಸಿದಾಗ ಸಂಗತಿ ಹೊರಬಿತ್ತು. ಹಂಗಾಮು ಮುಗಿದಿದೆ, ಬೇರೆಯವರು ತಮ್ಮ ಪಾಡೆಗಳಿಗೆ ಹೊರಟಿದ್ದಾರೆ, ಇವರನ್ನು ಮಾತ್ರ ಬಿಡುತ್ತಿಲ್ಲ. ಮೂರು ವರ್ಷಗಳ ಹಿಂದೆ ಗಂಡ ತನ್ನ ಮದುವೆಗಾಗಿ ಮುಂಗಡ ಪಡೆದಿದ್ದ. ಮೂರು ಹಂಗಾಮು ಇಬ್ಬರೂ ದುಡಿದ ಮೇಲೆಯೂ ಅದು ತೀರಿಲ್ಲವಂತೆ, ಹೆಚ್ಚಿದೆಯಂತೆ. ಮಳೆಗಾಲದಲ್ಲಿಯೂ ಇಲ್ಲಿಯೇ ಇದ್ದು ಧಣಿಯ ಬೇರೆ ಕೆಲಸ ಮಾಡಬೇಕಂತೆ. ಕೂಲಿಯ ಮಾತೇ ಇಲ್ಲ.

ಆ ತಿಂಗಳ ಸಂಕಷ್ಟಿಯಂದು ಟೀಚರಕ್ಕ ಇದನ್ನು ನಮ್ಮ ಮುಂದಿಟ್ಟರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಾರಣವಿತ್ತು. ಆ ಭಟ್ಟಿಯ ಧಣಿ ದೈವಭಕ್ತ. ಪ್ರತಿ ಭಾದ್ರಪದದಲ್ಲಿ ನಾವು ನಡೆಸುವ ಗಣೇಶ ಪೂಜೆಗೆ ಚಪ್ಪರವನ್ನು ಹಾಕಿಸಿಕೊಡುತ್ತಿದ್ದವರು ಅವರೇ. ನಮ್ಮಲ್ಲಿ ಹಿರಿಯರಾದ ರಾಯರು ನಿಧಾನವಾಗಿ ಹೇಳಿದರು:

“ನಾವು ಹೊರಗಿನಿಂದ ಬಂದವರು. ಊರವರ ವೈರ ಕಟ್ಟಿಕೊಳ್ಳುವುದು ತರವಲ್ಲ. ಅವರವರ ಕರ್ಮ, ದೇವರಿಟ್ಟ ಹಾಗೆ ಆಗುತ್ತದೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?”

ರಾಯರು ಕಠಿಣ ಮನಸ್ಸಿನವರಲ್ಲ. ಬಹು ದೊಡ್ಡ ಕಷ್ಟಗಳನ್ನು ಇದೇ ಮಾತಿನಿಂದ ದಾಟಿದವರು. ಅವರ ಮಗ ಎಳೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರ ಬಾಯಿಂದ ಬಂದುದು ಇದೇ ಮಾತು. ಆದುದರಿಂದ ಯಾರಿಗೂ ಎದುರಾಡುವ ಮನಸ್ಸಾಗಲಿಲ್ಲ. ಆಗ ಮೂಲೆಯಲ್ಲಿ ಕುಳಿತಿದ್ದ ಶೆಟ್ರು ಬಾಯಿ ತೆರೆದರು. ಅವರು ಹನ್ನೊಂದನೆಯ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು. ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಆದವರು. ಕೊನೆಗೆ ಸ್ವಂತ ಕ್ಯಾಂಟೀನು ನಡೆಸಿದವರು.

“ರಾಯರೇ, ನನ್ನನ್ನು ಮೋರಿಯ ಬಳಿಯಿಂದ ಎಬ್ಬಿಸಿದ್ದು ದೇವರೇ ಅಂತ ನಾನೂ ನಂಬಿದ್ದೇನೆ. ಆದರೆ ರಾತ್ರಿ ಹತ್ತು ಗಂಟೆಗೆ ಬಂದು ಅಕ್ಷರ ಕಲಿಸಿದ್ದು ಒಬ್ಬರು ಮಾಸ್ತರು. ಹಗಲಿಡೀ ಆಫೀಸಿನಲ್ಲಿ ದುಡಿದು ಬರುತ್ತಿದ್ದರು. ‘ಈ ಹುಡುಗರನ್ನು ದೇವರು ನೋಡಿಕೊಳ್ತಾನೆ’ ಅಂತ ಅವರು ಮನೆಯಲ್ಲಿ ಮಲಗಿದ್ದರೆ, ದೇವರು ನನ್ನನ್ನು ನೋಡಿಕೊಳ್ಳುವುದು ಯಾರ ಕೈಯಿಂದ?”

ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳ ಉಪಕಾರವನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಅಂದು ಏನೂ ನಿರ್ಧಾರವಾಗದೆ ಎದ್ದೆವು. ಆದರೆ ಮಾತು ಬೆಳೆಯಿತು. ಮುಂದಿನ ಕೆಲವು ದಿನಗಳಲ್ಲಿ ಓದಿಕೊಂಡದ್ದು, ಕೇಳಿ ತಿಳಿದದ್ದು, ನಮ್ಮ ನಮ್ಮಲ್ಲೇ ತರ್ಕಿಸಿದ್ದು ಬಹಳ. ಅದರಲ್ಲಿ ಮೊದಲು ತಿಳಿದದ್ದು ನಮ್ಮದೇ ಊರಿನ ಒಂದು ಸಂಗತಿ.

ಮದುವೆಗಾಗಿ ಮಾಡಿದ ಸಾಲದಿಂದ ಮನುಷ್ಯ ಜೀತಕ್ಕೆ ಬೀಳುವುದು ಠಾಣೆ ಜಿಲ್ಲೆಗೆ ಹೊಸದಲ್ಲ. ಅದಕ್ಕೆ ಲಗ್ನಗಡಿ ಎಂಬ ಹೆಸರೇ ಇತ್ತು. ಗಡಿ ಎಂದರೆ ಆಳು. ಸಾಹುಕಾರನಿಂದ ಮದುವೆಯ ಖರ್ಚಿಗೆ ಹಣ ಪಡೆದ ವಾರಲಿ ಯುವಕ ಅಂದಿನಿಂದ ಆತನ ಆಳು. ಮದುವೆಯಾಗಿ ಬಂದ ಹುಡುಗಿಯೂ ಆಳು. ಮಕ್ಕಳಾದರೆ ಅವರೂ ದನ ಕಾಯಬೇಕು. ಉಂಬರಗಾಂವ, ಡಹಾಣೂ ತಾಲೂಕುಗಳಲ್ಲಿ, ಎಂದರೆ ಇಂದಿನ ಪಾಲಘರ್ ಜಿಲ್ಲೆಯಲ್ಲಿ ಮತ್ತು ಅದಕ್ಕೆ ತಾಗಿದ ಗುಜರಾತಿನ ಅಂಚಿನಲ್ಲಿ, ಇದು ತಲೆಮಾರುಗಳಿಂದ ನಡೆದು ಬಂದಿತ್ತು. 1945ರ ಜನವರಿಯಲ್ಲಿ ಕಿಸಾನ್ ಸಭೆಯ ಮಹಾರಾಷ್ಟ್ರ ಸಮ್ಮೇಳನ ನಡೆದದ್ದು ಇದೇ ಟಿಟ್ವಾಳಾದಲ್ಲಿ. ಅದಕ್ಕೆ ಕೆಲವರು ವಾರಲಿಗಳೂ ಬಂದಿದ್ದರು. ತಮ್ಮಂತಹ ಬಡ ಒಕ್ಕಲು ಮಕ್ಕಳು ಸಾವಿರಗಟ್ಟಲೆ ಸೇರಿ ಮಾತನಾಡುವುದನ್ನು ಅವರು ಇಲ್ಲಿ ಕಂಡರು. ಅದೇ ವರ್ಷ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ವಾರಲಿಗಳ ದೊಡ್ಡ ಸಭೆಯಾಯಿತು. ಇನ್ನು ಬಿಟ್ಟಿ ದುಡಿಯುವುದಿಲ್ಲ, ದಿನಕ್ಕೆ ಹನ್ನೆರಡು ಆಣೆ ಕೂಲಿ ಕೊಡದೆ ಕೆಲಸವಿಲ್ಲ ಎಂದು ನಿಶ್ಚಯವಾಯಿತು. ಗೋದಾವರಿ ಪರುಳೇಕರ್, ಶಾಮರಾವ್ ಪರುಳೇಕರ್ ದಂಪತಿಗಳು ಹಳ್ಳಿ ಹಳ್ಳಿ ಅಲೆದರು. ಸಾಹುಕಾರರ ಅಂಗಳಗಳಿಂದ ಲಗ್ನಗಡಿಗಳು ಹೊರಗೆ ನಡೆದು ಬಂದರು. ಅಕ್ಟೋಬರ್ 10ರಂದು ತಲವಾಡಾದಲ್ಲಿ ಪೊಲೀಸರ ಗುಂಡಿಗೆ ಐವರು ವಾರಲಿಗಳು ಬಲಿಯಾದರು. ಆದರೂ ಆ ಜನ ಮತ್ತೆ ಆ ಅಂಗಳಕ್ಕೆ ಮರಳಲಿಲ್ಲ. ಗೋದಾವರಿಬಾಯಿ ಇದನ್ನೆಲ್ಲ ಮರಾಠಿಯಲ್ಲಿ ಬರೆದ ಪುಸ್ತಕ 1970ರಲ್ಲಿ ಹೊರಬಂದು, 1972ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಇದನ್ನು ತಿಳಿದಾಗ ನಮಗೆ ಹೇಗನಿಸಿರಬೇಕು? ಮದುವೆ ಕೂಡಿಸೆಂದು ದೇವರನ್ನು ಬೇಡಲು ಜನ ಬರುವ ಊರು ಇದು. ಮದುವೆಯ ಸಾಲದಿಂದ ಬಿಡುಗಡೆಯಾಗುವ ದಾರಿ ಹುಡುಕಲು ವಾರಲಿಗಳು ಬಂದದ್ದೂ ಇದೇ ಊರಿಗೆ. ಗಣಪತಿಯ ಸನ್ನಿಧಿಯಲ್ಲಿ ನಡೆದ ಆ ಕೆಲಸವನ್ನು ಮುಂದೆ ನಿಂತು ಮಾಡಿದವರು ದೇವರ ಹೆಸರೆತ್ತುವವರಲ್ಲ, ಕಮ್ಯುನಿಸ್ಟರು. ಇದನ್ನು ಆಸ್ತಿಕರಾದ ನಾವು ಬಚ್ಚಿಡಬಾರದು. ದೇವರ ಒಡೆತನದಲ್ಲಿ ನಿಜವಾದ ನಂಬಿಕೆಯಿದ್ದರೆ ಆತ ತನ್ನ ಕೆಲಸಕ್ಕೆ ತನ್ನನ್ನು ನಂಬದವರನ್ನೂ ನೇಮಿಸಿಕೊಳ್ಳಬಲ್ಲನೆಂದು ಒಪ್ಪಲು ಕಷ್ಟವೇನು?

ಇದಕ್ಕಿಂತಲೂ ನೋವಿನ ಮಾತೊಂದಿದೆ. ಟಿಟ್ವಾಳಾದ ಮೂಲಕ ಹೋಗುವ ರೈಲು ಹಾದಿಯೇ ಕಸಾರಾ ಘಾಟ್ ಹತ್ತಿ, ಇಗತ್ಪುರಿ ದಾಟಿ ನಾಸಿಕಕ್ಕೆ ಹೋಗುತ್ತದೆ. ಅಲ್ಲಿನ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಪ್ರಾರಂಭವಾಯಿತು. ಸಾವಿರಾರು ಅಸ್ಪೃಶ್ಯರು ರಾಮನ ದರ್ಶನ ಕೇಳಿದರು. ವರ್ಷಗಟ್ಟಲೆ ಕೇಳಿದರು. ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಅದೇ ನಾಸಿಕ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಸಾರಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದರು. ಬಾಗಿಲ ಒಳಗಿದ್ದವರೂ ದೇವರನ್ನು ನಂಬಿದವರೇ. ಎಲ್ಲ ಆತನ ಇಚ್ಛೆ ಎಂದವರೇ. ಅವರ ಆ ನಂಬಿಕೆ ಹೊರಗೆ ನಿಂತವರ ಪಾಲಿಗೆ ಅಗುಳಿಯಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಹಾಗಾದರೆ ನಂಬಿಕೆಯೇ ಅಡ್ಡಿಯೆಂದು ತಿಳಿಯಬೇಕೇ? ಹಾಗೆಂದುಕೊಂಡಾಗ ನಮ್ಮ ನಾಡಿನ ಇಬ್ಬರ ಚರಿತ್ರೆ ಎದುರಿಗೆ ಬಂದು ನಿಲ್ಲುತ್ತದೆ.

ಒಬ್ಬರು ಮಂಗಳೂರಿನ ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣರಾಗಿ 1859ರಲ್ಲಿ ಹುಟ್ಟಿ, ವಕೀಲರಾಗಿ, ಬ್ರಹ್ಮಸಮಾಜವನ್ನು ಸೇರಿ, 1897ರಲ್ಲಿ ದಲಿತ ವರ್ಗದವರಿಗಾಗಿ ಮಿಶನ್ ಸ್ಥಾಪಿಸಿದವರು. ಮಕ್ಕಳಿಗೆ ಶಾಲೆ, ಮಧ್ಯಾಹ್ನದ ಊಟ, ದೊಡ್ಡವರಿಗೆ ಕಸುಬು, ಮನೆ ಕಟ್ಟಿಕೊಳ್ಳಲು ನೆಲ, ಹೀಗೆ ಒಂದೊಂದಾಗಿ ಒದಗಿಸುತ್ತ ಹೋದರು. ಅದಕ್ಕೆ ಅವರು ತೆತ್ತ ಬೆಲೆ ಜಾತಿ ಬಹಿಷ್ಕಾರ. ಕ್ಷೌರಿಕ ಬರಲಿಲ್ಲ, ಮಡಿವಾಳ ಬರಲಿಲ್ಲ, ನೆಂಟರು ಬಾಗಿಲು ಮುಚ್ಚಿದರು. 1912ರಲ್ಲಿ ಮಗಳು ರಾಧಾಬಾಯಿಯ ಮದುವೆಯನ್ನೂ ಜಾತಿಯ ಹೊರಗೆಯೇ ಮಾಡಿದರು. ಕೊನೆಗಾಲಕ್ಕೆ ಸಂನ್ಯಾಸ ಸ್ವೀಕರಿಸಿ 1928ರಲ್ಲಿ ತೀರಿಕೊಂಡಾಗ, ತಮ್ಮ ಶವವನ್ನು ಜಲಗಾರರೇ ಹೊರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂದು ಅವರು ಹಾರೈಸಿದ್ದನ್ನು ಮಂಗಳೂರಿನವರು ಇಂದಿಗೂ ನೆನೆಯುತ್ತಾರೆ.

ಇನ್ನೊಬ್ಬರು ವಿಠ್ಠಲ ರಾಮಜಿ ಶಿಂದೆ. ಮರಾಠಿಗರು ಅವರನ್ನು ತಮ್ಮವರೆನ್ನುವುದು ಸರಿಯೇ. ಆದರೆ ಹುಟ್ಟಿದ್ದು 1873ರಲ್ಲಿ ನಮ್ಮ ಜಮಖಂಡಿಯಲ್ಲಿ. ವಾರಕರಿ ಮನೆತನದ ಮಗ. ಆಕ್ಸ್‌ಫರ್ಡಿನಲ್ಲಿ ಧರ್ಮಶಾಸ್ತ್ರ ಓದಿ 1903ರಲ್ಲಿ ಹಿಂದಿರುಗಿ ಮುಂಬಯಿಯ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. ವಾರ ವಾರವೂ ವೇದಿಕೆಯ ಮೇಲೆ ನಿಂತು ಉಪದೇಶ ಮಾಡಿ ಗೌರವದಿಂದ ಬಾಳಬಹುದಾಗಿತ್ತು. ಅಷ್ಟಕ್ಕೆ ನಿಲ್ಲಲಿಲ್ಲ. 1906ರ ಅಕ್ಟೋಬರ್ 18ರಂದು ಪರೇಳಿನಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಶಾಲೆ ತೆರೆದು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನಿಗೆ ನಾಂದಿ ಹಾಕಿದರು. ಅದರ ಅಧ್ಯಕ್ಷರಾಗಿ ನಿಂತವರು ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರರು. ಶಿಂದೆಯವರ ಸೋದರಿ ಜನಾಬಾಯಿಯೂ ಈ ಕೆಲಸಕ್ಕೆ ಇಳಿದರು. ಎಷ್ಟೋ ಕಡೆ ಸವರ್ಣೀಯರು ಅವರನ್ನು ಹೊಲೆ ಮುಟ್ಟಿದವನೆಂದು ದೂರವಿಟ್ಟರು. ಇತ್ತ ಅಸ್ಪೃಶ್ಯರಲ್ಲಿ ಕೆಲವರು ಮೇಲಿನವನ ಉಪಕಾರ ಬೇಡವೆಂದರು. ಎರಡನ್ನೂ ನುಂಗಿಕೊಂಡು 1944ರಲ್ಲಿ ತೀರಿಕೊಳ್ಳುವವರೆಗೆ ಆ ಪ್ರಶ್ನೆಯನ್ನು ಅವರು ಬಿಡಲಿಲ್ಲ.

ಈ ಇಬ್ಬರೂ ಪ್ರಾರ್ಥನೆಯಿಂದಲೇ ದಿನವನ್ನು ಆರಂಭಿಸಿದವರು. ಅವರ ನಂಬಿಕೆ ಅವರನ್ನು ಸುಮ್ಮನೆ ಕೂರಿಸಲಿಲ್ಲವೇಕೆ? ನಮಗೆ ತೋರಿದ್ದು ಹೀಗೆ. ಕನ್ನಡದಲ್ಲಿ ಒಡೆಯ ಎಂಬ ಪದವನ್ನು ದೇವರಿಗೂ ಬಳಸುತ್ತೇವೆ, ಹೊಲದ ಯಜಮಾನನಿಗೂ ಬಳಸುತ್ತೇವೆ. ಧಣಿ ಎಂಬುದೂ ಹಾಗೆಯೇ. ಆದರೆ ಜಗತ್ತಿಗೆಲ್ಲ ಒಬ್ಬನೇ ಒಡೆಯನೆಂದು ಮನಸಾರೆ ಒಪ್ಪಿದವನು, ಮನುಷ್ಯನಿಗೆ ಮನುಷ್ಯ ಒಡೆಯನಾಗುವುದನ್ನು ಒಪ್ಪಲಾರ. ದೇವರ ಅಧಿಕಾರವನ್ನು ನಂಬುವುದೆಂದರೆ ಜಾತಿಯ ಹಿರಿಯರ, ಸಾಹುಕಾರರ, ಗುಡಿಯ ಬೀಗದ ಕೈ ಹಿಡಿದವರ ಅಧಿಕಾರಕ್ಕೆ ಒಂದು ಎಲ್ಲೆ ಹಾಕುವುದು. ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದಾಗ ಮಾಡಿದ್ದೂ ಇದನ್ನೇ. ಗುಡಿಗಳಿಂದ ಹೊರಗಿಡಲ್ಪಟ್ಟಿದ್ದ ಬಿಲ್ಲವರಿಗೆ, ದೇವರು ಅವರ ಅಪ್ಪಣೆಗೆ ಕಾಯುವವನಲ್ಲ ಎಂದು ತೋರಿಸಿಕೊಟ್ಟರು.

ಇಷ್ಟನ್ನೆಲ್ಲ ಮಾತನಾಡುತ್ತಿರುವಾಗ ಟೀಚರಕ್ಕ ನಮ್ಮ ಊರಿನ ಶಕುಂತಲೆಯನ್ನೇ ನೆನಪಿಸಿದರು. ಕಾಳಿದಾಸನ ನಾಟಕದ ಶಕುಂತಲೆಯನ್ನು ಎಲ್ಲರೂ ಬಲ್ಲೆವು. ದುರ್ವಾಸರ ಶಾಪ, ಕಳೆದುಹೋದ ಉಂಗುರ, ಮೀನಿನ ಹೊಟ್ಟೆ. ಆದರೆ ಮಹಾಭಾರತದ ಆದಿಪರ್ವದ ಶಕುಂತಲೆಗೆ ಶಾಪವೂ ಇಲ್ಲ, ಉಂಗುರವೂ ಇಲ್ಲ. ಆರು ವರ್ಷದ ಮಗನ ಕೈ ಹಿಡಿದು ಆಸ್ಥಾನಕ್ಕೆ ಬರುತ್ತಾಳೆ. ಜೊತೆಗೆ ಬಂದ ಆಶ್ರಮದವರು ಆಗಲೇ ಹಿಂದಿರುಗಿದ್ದಾರೆ. ಎಲ್ಲವೂ ನೆನಪಿದ್ದೂ ದುಷ್ಯಂತ ಅವಳನ್ನು ತಿಳಿಯೆನೆನ್ನುತ್ತಾನೆ, ಹೀನಾಯವಾಗಿ ನುಡಿಯುತ್ತಾನೆ. ಸಾಕ್ಷಿ ಹೇಳಲು ಒಬ್ಬ ಮನುಷ್ಯನಿಲ್ಲ. ಆಗ ಅವಳು ಅತ್ತು ಹೊರಟುಹೋಗುವುದಿಲ್ಲ, ವಾದಿಸುತ್ತಾಳೆ. ಯಾರೂ ನೋಡಲಿಲ್ಲವೆಂದು ತಿಳಿಯಬೇಡ, ಎದೆಯೊಳಗಿರುವವನು ನೋಡುತ್ತಿದ್ದಾನೆ, ಸೂರ್ಯಚಂದ್ರರು, ಹಗಲಿರುಳು, ಧರ್ಮ ಎಲ್ಲವೂ ಸಾಕ್ಷಿ ಎನ್ನುತ್ತಾಳೆ. ಸಾವಿರ ಅಶ್ವಮೇಧ ಯಾಗಗಳಿಗಿಂತ ಸತ್ಯ ತೂಕವಾದುದೆನ್ನುತ್ತಾಳೆ. ನೀನು ಒಪ್ಪದಿದ್ದರೂ ನನ್ನ ಮಗ ಈ ಭೂಮಿಯನ್ನಾಳುವನೆಂದು ಹೇಳಿ ತಿರುಗಿ ನಡೆಯುತ್ತಾಳೆ. ಅನಂತರ, ಅನಂತರವೇ, ಆಕಾಶವಾಣಿಯಾಗುತ್ತದೆ.

“ಮೊದಲು ಅವಳು ಮಾತಾಡಿದಳು. ಆಮೇಲೆ ದೇವರು ಮಾತಾಡಿದ” ಎಂದರು ಟೀಚರಕ್ಕ. “ಆ ಹೆಂಗಸಿಗೆ ಮಾತಾಡಲು ಆಸ್ಥಾನವಾದರೂ ಇತ್ತು. ಭಟ್ಟಿಯ ಈ ಹುಡುಗಿಗೆ ಅದೂ ಇಲ್ಲ.”

ರಾಯರು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದರು. ಕೊನೆಗೆ ಹೇಳಿದರು: “ನನ್ನ ಮಗ ಹೋದಾಗ ದೇವರ ಇಚ್ಛೆ ಎಂದೆ. ಅದನ್ನು ಹೇಳುವ ಹಕ್ಕು ನನಗಿತ್ತು. ಅವನು ನನ್ನ ಮಗ. ಆ ಹೊತ್ತಿಗೆ ಇನ್ನೊಬ್ಬರು ಬಂದು ಅದೇ ಮಾತು ಹೇಳಿದಾಗ ನನಗೆ ಸಹಿಸಲಾಗಿರಲಿಲ್ಲ.” ಮತ್ತೆ ಸ್ವಲ್ಪ ತಡೆದು, “ನಡೆಯಿರಿ, ಅರ್ಜಿ ನಾನು ಬರೆಯುತ್ತೇನೆ” ಎಂದರು.

1976ರ ಕಾಯಿದೆಯ ಪ್ರಕಾರ ಜೀತ ಅಪರಾಧ. ಜೀತಕ್ಕೆ ಕಾರಣವಾದ ಸಾಲ ತಾನೇ ತಾನಾಗಿ ರದ್ದು. ಆದರೆ ಕಾಯಿದೆ ಕಾಗದದಿಂದ ಭಟ್ಟಿಯವರೆಗೆ ನಡೆದು ಬರಬೇಕಾದರೆ ಅದಕ್ಕೆ ಯಾರದಾದರೂ ಕಾಲು ಬೇಕು. ಆದಿವಾಸಿಗಳ ನಡುವೆ ಕೆಲಸ ಮಾಡುವ ಒಬ್ಬ ಮರಾಠಿ ತರುಣ ನಮ್ಮ ನೆರವಿಗೆ ಬಂದ. ಕಲ್ಯಾಣದ ಕಚೇರಿಗೆ ಹೊರಟ ದಿನ ಬೆಳಗ್ಗೆ ನಾವು ಮೊದಲು ಗಣಪತಿಯ ದರ್ಶನಕ್ಕೆ ಹೋದೆವು. ಆತ ದೇವರನ್ನು ನಂಬುವವನಲ್ಲ, ಹೊರಗೆ ನಿಂತು ನಮ್ಮ ಚಪ್ಪಲಿಗಳನ್ನು ಕಾದ. “ನೀವು ನಿಮ್ಮ ಅರ್ಜಿ ಕೊಟ್ಟು ಬನ್ನಿ, ಆಮೇಲೆ ನಮ್ಮ ಅರ್ಜಿ ಕೊಡೋಣ” ಎಂದು ನಕ್ಕ. ಹೆದರಿಕೆ ನಮಗೆಲ್ಲರಿಗೂ ಇತ್ತು. ಅಂದು ಗಣಪತಿಯ ಮುಂದೆ ಕೇಳಿದ್ದು ಜಯವನ್ನಲ್ಲ, ಕಚೇರಿಯ ಮೆಟ್ಟಿಲು ಹತ್ತುವಾಗ ಕಾಲು ಹಿಂತೆಗೆಯದಿರಲಿ ಎಂದು.

ಮೂರು ಸಲ ಅಲೆದ ಮೇಲೆ ಅಧಿಕಾರಿಗಳು ಭಟ್ಟಿಗೆ ಬಂದರು, ವಹಿ ನೋಡಿದರು, ಗಂಡಹೆಂಡಿರ ಹೇಳಿಕೆ ಬರೆದುಕೊಂಡರು. ಮಳೆ ಜೋರಾಗುವ ಹೊತ್ತಿಗೆ ಬಿಡುಗಡೆಯ ಕಾಗದ ಕೈಗೆ ಬಂದಿತು. ಕುಟುಂಬ ತನ್ನ ಪಾಡೆಗೆ ಹೋಯಿತು. ಧಣಿ ನಮ್ಮ ಮೇಲೆ ಕೈ ಮಾಡಲಿಲ್ಲ, ಮಾತು ಬಿಟ್ಟರು. ಆ ವರ್ಷ ಚಪ್ಪರ ಬರಲಿಲ್ಲ. ಗಣೇಶನನ್ನು ನಮ್ಮ ಕಟ್ಟಡದ ಕೆಳಗೆ, ಸ್ಕೂಟರುಗಳನ್ನು ಸರಿಸಿ, ಅಲ್ಲಿಯೇ ಕೂರಿ ಪೂಜಿಸಿದೆವು. ಎರಡು ಮನೆಯವರು ನಮ್ಮ ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಅವರ ಮೇಲೆ ನಮಗೆ ಬೇಸರವಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ಓದುಗರಿಗೂ ನಮಗೂ ಸಮಾಧಾನವಾಗುತ್ತಿತ್ತು. ನಿಲ್ಲಲಿಲ್ಲ. ಮರುವರ್ಷ ದೀಪಾವಳಿಯ ನಂತರ ಅದೇ ಭಟ್ಟಿಯಲ್ಲಿ ಬೇರೆ ಕುಟುಂಬಗಳು ಬಂದು ಇಳಿದವು. ನಾವು ಬಿಡಿಸಿದ ಗಂಡಹೆಂಡಿರು ವಾಸಿಂದದ ಕಡೆ ಇನ್ನೊಂದು ಭಟ್ಟಿಯಲ್ಲಿದ್ದಾರೆಂದು ಆ ತರುಣ ಬಂದು ಹೇಳಿದ. ಮಳೆಗಾಲದಲ್ಲಿ ಹೊಟ್ಟೆಗಿಲ್ಲದೆ ಮತ್ತೆ ಮುಂಗಡ ಪಡೆದಿದ್ದರು. ಈ ಸಲ ಹಂಗಾಮಿಗೆ ಮಾತ್ರ, ವಹಿಯ ಲೆಕ್ಕವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಸಿಕೊಂಡು. ಇಷ್ಟೇ ವ್ಯತ್ಯಾಸ. ಇಷ್ಟಕ್ಕಾಗಿಯೇ ಅಷ್ಟು ಓಡಾಡಿದೆವೇ ಎಂದು ಮನಸ್ಸು ಕುಗ್ಗಿತು.

ದೇವರ ಅಧಿಕಾರವನ್ನು ನಂಬುವುದರ ಇನ್ನೊಂದು ಅರ್ಥ ನಮಗೆ ತಿಳಿದದ್ದು ಆಗ. ಲೋಕವನ್ನು ನೆಟ್ಟಗೆ ಮಾಡುವ ಹೊಣೆಯೆಲ್ಲ ನಮ್ಮ ತಲೆಯ ಮೇಲೆಯೇ ಇದೆಯೆಂದು ತಿಳಿದಿದ್ದರೆ ಆ ಒಂದು ಸೋಲಿಗೆ ಕೈ ಬಿಡುತ್ತಿದ್ದೆವು. ಆ ಹೊಣೆ ಹೊತ್ತವನು ಬೇರೆ ಇದ್ದಾನೆ, ನಮ್ಮ ಪಾಲಿಗೆ ಬಂದುದು ಒಂದು ಅರ್ಜಿ, ಒಂದು ಟಿಪ್ಪಣಿ ಪುಸ್ತಕ, ಒಂದು ಮಗುವಿನ ಔಷಧ ಎಂದು ತಿಳಿದುದರಿಂದ ಮರುದಿನ ಮತ್ತೆ ಹೊರಡಲು ಸಾಧ್ಯವಾಯಿತು. ರಂಗರಾಯರು ತಾವು ನೋಡಲಾಗದ ಕಾರಿನ ಧೂಳಿಗಾಗಿ ದುಡಿದರು. ಫಲವನ್ನು ಇನ್ನೊಬ್ಬನ ಕೈಯಲ್ಲಿಟ್ಟವರಿಗೆ ಮಾತ್ರ ಅಂತಹ ದೀರ್ಘಕಾಲದ ದುಡಿಮೆ ಸಾಧ್ಯವೇನೋ.

ಈಗ ಟೀಚರಕ್ಕನೂ ನಮ್ಮಲ್ಲಿ ಇನ್ನಿಬ್ಬರೂ ದೀಪಾವಳಿಯಿಂದ ಮೇವರೆಗೆ, ಭಾನುವಾರ ಬೆಳಗ್ಗೆ ಭಟ್ಟಿಗಳ ಬದಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಶೆಟ್ರು ಉಪ್ಪಿಟ್ಟು ಮಾಡಿ ತರುತ್ತಾರೆ. ರಾಯರಿಗೆ ಈಗ ಮೆಟ್ಟಿಲಿಳಿಯಲಾಗುವುದಿಲ್ಲ. ಮನೆಯಲ್ಲಿ ಕುಳಿತು, ಬಂದ ಹೆಂಗಸರು ಹೇಳಿದ ಇಟ್ಟಿಗೆಯ ಲೆಕ್ಕವನ್ನು ಅವರವರ ಪುಸ್ತಕಗಳಲ್ಲಿ ಬರೆದುಕೊಡುತ್ತಾರೆ. ಅವರ ಅಕ್ಷರ ದುಂಡಗಿದೆ. ಧಣಿಗಳೂ ಅದನ್ನು ತಗಾದೆಯಿಲ್ಲದೆ ಓದುತ್ತಾರಂತೆ.

ಈ ವಿಚಾರದಲ್ಲಿ ನಾವು ನಮ್ಮೊಳಗೆ ಮಾಡಿಕೊಂಡಿರುವ ಒಂದು ನಿಯಮವನ್ನು ವಾಚಕ ಬಂಧುಗಳ ಮುಂದಿಡುತ್ತೇವೆ. ದೇವರ ಇಚ್ಛೆ ಎಂಬ ಮಾತನ್ನು ನಮ್ಮ ನಮ್ಮ ಕಷ್ಟಕ್ಕೆ ಹೇಳಿಕೊಳ್ಳಬಹುದು, ಅದರಿಂದ ಧೈರ್ಯ ಬರುತ್ತದೆ. ಇನ್ನೊಬ್ಬರ ಕಷ್ಟಕ್ಕೆ ಅದನ್ನು ಹೇಳುವುದಿಲ್ಲ. ಅಲ್ಲಿ ಏನು ಬೇಕೆಂದು ಮೊದಲು ಕೇಳುತ್ತೇವೆ.

ಮಗಳ ಮದುವೆಗೋ ಮಗನ ಮದುವೆಗೋ ಹರಕೆ ಹೊತ್ತು ಟಿಟ್ವಾಳಾಕ್ಕೆ ಬರುವವರು ಬರಲಿ. ಗಣಪತಿ ಎಲ್ಲರ ಮನೆಯ ಚಪ್ಪರವನ್ನೂ ಏಳಿಸಲಿ. ದರ್ಶನ ಮುಗಿದ ಮೇಲೆ ಗಾಡಿಗೆ ಇನ್ನೂ ಹೊತ್ತಿದ್ದರೆ, ಭಾನುವಾರವಾಗಿದ್ದರೆ, ನದಿಯ ಕಡೆಗೆ ನಡೆದು ಬನ್ನಿ. ಬರುವಾಗ ಎರಡು ಪಾಟಿ, ಒಂದು ಪೆಟ್ಟಿಗೆ ಬಳಪ ಇದ್ದರೆ ತನ್ನಿ. ಅವು ನಮ್ಮಲ್ಲಿ ಯಾವಾಗಲೂ ಕಡಿಮೆ ಬೀಳುತ್ತವೆ.